ಕನ್ನಡಿಗೆ ಅಂಟಿಸಿದ ದೊಡ್ಡ ಬೊಟ್ಟು

ನನ್ನ ಮೊಮ್ಮಗಳು ಮಳೆಯ ಲೆಕ್ಕ ಹಾಕುವವಳಲ್ಲ. ಅವಳು ಲೆಕ್ಕ ಹಾಕುವುದು ಯುದ್ಧದಲ್ಲಿ, ಬಾಂಬಿನಲ್ಲಿ ಸತ್ತವರನ್ನು. ಮಳೆ ಎಂದು ಹೇಳಿದವಳು ನಾನು — ಅವಳನ್ನು ನೋಡಲು ಬಂದ ಗಂಡಿನ ಅಪ್ಪನ ಮುಂದೆ, ಕೈಯಲ್ಲಿ ಚಕ್ಕುಲಿ ತಟ್ಟೆ ಹಿಡಿದುಕೊಂಡು, ಕಣ್ಣು ಮಿಟುಕಿಸದೆ ಹೇಳಿದೆ. ಆಮೇಲೆ ಮೂರು ವರ್ಷ ಆ ಸುಳ್ಳನ್ನು ಹಸು ಸಾಕಿದ ಹಾಗೆ ಸಾಕಿದೆ.

ಈಗ ಹೇಳಿಬಿಡುತ್ತೇನೆ. ಯಾಕೆಂದರೆ ಈಗ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ನಾನು ಮುತ್ತಜ್ಜಿಯಾಗಿದ್ದೇನೆ. ಹೆಣ್ಣು ಕೂಸು, ತಲೆತುಂಬ ಕೂದಲು, ಆಕಳಿಸಿದರೆ ಥೇಟ್ ನಮ್ಮ ಯಜಮಾನರೇ. ಕೆಳಗಿನ ಮನೆಯ ಬಾಡಿಗೆಯವರಿಗೆ, ತರಕಾರಿ ಗಾಡಿಯವನಿಗೆ, ಕರೆಂಟ್ ಬಿಲ್ಲು ಬರೆಯಲು ಬಂದವನಿಗೆ, ಎಲ್ಲರಿಗೂ ಮೈಸೂರ್ ಪಾಕ್ ಕೊಟ್ಟಿದ್ದೇನೆ. ಬಿಲ್ಲಿನವನು ಎರಡನೇ ಸಲ ಬಂದಾಗ ಅವನೇ ಕೈ ಚಾಚಿದ. ಎಲ್ಲರೂ "ಪುಣ್ಯ ಮಾಡಿದೀರ ಬಿಡಿ ಅಜ್ಜಿ" ಅನ್ನುತ್ತಾರೆ. ಆ ಮಾತು ಕೇಳಿದಾಗಲೆಲ್ಲ ಡಬ್ಬಿಯ ಮುಚ್ಚಳ ಹಾಕಿ ಒಳಗೆ ಬಂದುಬಿಡುತ್ತೇನೆ. ಪುಣ್ಯ ಮಾಡಿದವಳ ವಿಷಯ ಇವರಿಗೇನು ಗೊತ್ತು —

ನಾನು ಓದಿದ್ದು ಮೂರನೇ ಕ್ಲಾಸು. ಗೊಟ್ಟಿಗೆರೆ ಇನ್ನೂ ಹಳ್ಳಿಯಾಗಿದ್ದಾಗ, ನಾವು ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಈಗ ನಮ್ಮ ಮೂರಂತಸ್ತಿನ ಮನೆ ನಿಂತಿದೆ. ನನ್ನ ಮಗನ ಮಗಳು ಮಾನಸ ಇದೇ ಮನೆಯಲ್ಲಿ ಬೆಳೆದಳು. ಅಂಕಿಸಂಖ್ಯೆಯ ದೊಡ್ಡ ಓದು ಓದಿದಳು. ಏನು ಓದುತ್ತೀಯಮ್ಮ ಎಂದರೆ, ಯುದ್ಧ ಮತ್ತು ಭಯೋತ್ಪಾದನೆಯ ದಾಳಿಗಳಲ್ಲಿ ಎಲ್ಲಿ, ಎಷ್ಟು ಜನ ಸತ್ತರು, ಆ ಸಾವುಗಳಿಗೆ ಒಂದು ರೀತಿನೀತಿ ಇದೆಯೇ ಎಂದು ನೋಡುವುದು ಅಂದಳು. ನಾನು ಅವತ್ತೇ ಉಪ್ಪು, ಮೆಣಸಿನಕಾಯಿ ತಂದು ಅವಳಿಗೆ ದೃಷ್ಟಿ ತೆಗೆದೆ. ಕಂಪ್ಯೂಟರಿಗೂ ತೆಗೆದೆ. ಮೆಣಸಿನಕಾಯಿ ಘಾಟಿಗೆ ಇಡೀ ಮನೆ ಕೆಮ್ಮಿತು, ಕಂಪ್ಯೂಟರ್ ಒಂದೇ ಸುಮ್ಮನಿತ್ತು.

ಅವಳ ಕೋಣೆಯ ಗೋಡೆಗೆ ತೇವ ಬಂದಿತ್ತು. ಅದಕ್ಕೆ ದೊಡ್ಡದೊಂದು ಭೂಪಟ ತಂದು ನಡುಮನೆಯ ಗೋಡೆಗೇ ಹಾಕಿದಳು. ಒಂದೊಂದು ದಾಳಿಗೆ ಒಂದೊಂದು ಸ್ಟಿಕ್ಕರು. ಅವಳ ಸ್ಟಿಕ್ಕರು ಮುಗಿದುಹೋದಾಗ, ಜಯನಗರ ಫೋರ್ತ್ ಬ್ಲಾಕಿನಲ್ಲಿ ಕೊಂಡು ತಂದಿದ್ದ ನನ್ನ ಸ್ಟಿಕ್ಕರ್ ಬೊಟ್ಟಿನ ಪಾಕೀಟುಗಳನ್ನೇ ಕೊಟ್ಟೆ. ಯಾತಕ್ಕೆ ಕೊಡುತ್ತಿದ್ದೇನೆ ಎಂದು ಆಗ ಯೋಚಿಸಲಿಲ್ಲ. ಸಾಸಿವೆಯಷ್ಟು ಸಣ್ಣ ಬೊಟ್ಟು ಸಣ್ಣ ದಾಳಿಗೆ. ಬೇಳೆಯಷ್ಟರದು ಅದಕ್ಕಿಂತ ದೊಡ್ಡದಕ್ಕೆ. ನಾನು ಹಣೆಗಿಡುವ ಒಂದು ರೂಪಾಯಿ ಅಗಲದ ಕುಂಕುಮ ಬಣ್ಣದ್ದು ತೀರಾ ದೊಡ್ಡದಕ್ಕೆ. ಕೆಲವೇ ದಿನಗಳಲ್ಲಿ ಭೂಪಟದ ತುಂಬ ಸಾಸಿವೆ ಸಿಡಿದ ಹಾಗಾಯಿತು. ಒಂದು ರೂಪಾಯಿ ಅಗಲದ್ದು ಒಂದೇ ಒಂದು.

"ಅಜ್ಜಿ, ನಮ್ ಬೀದಿಯವರ ಎತ್ತರ ನೋಡು," ಎಂದು ಒಂದು ದಿನ ಕೂರಿಸಿಕೊಂಡು ಹೇಳಿದಳು. "ಒಬ್ರು ಗಿಡ್ಡ, ಒಬ್ರು ಉದ್ದ. ಆದ್ರೆ ತೆಂಗಿನಮರದಷ್ಟು ಉದ್ದ ಇರೋರು ಯಾರೂ ಇಲ್ಲ ಅಲ್ವಾ?"

"ಇದ್ರೆ ನಾನು ಮನೆ ಬಾಡಿಗೆಗೆ ಕೊಡ್ತಾನೂ ಇರ್ಲಿಲ್ಲ. ಫ್ಯಾನಿಗೆ ತಲೆ ತಾಗತ್ತೆ."

"ಈ ದಾಳಿಗಳು ಹಂಗಲ್ಲ. ಸಣ್ಣಸಣ್ಣದು ರಾಶಿ. ಅದಕ್ಕಿಂತ ದೊಡ್ಡದು ಕಮ್ಮಿ. ಇನ್ನೂ ದೊಡ್ಡದು ಇನ್ನೂ ಕಮ್ಮಿ. ಆದ್ರೆ ಯಾವತ್ತೋ ಒಂದಿನ ತೆಂಗಿನಮರದಷ್ಟು ದೊಡ್ಡದು ಬಂದ್ಬಿಡತ್ತೆ. ಬೇರೆ ದೇಶ, ಬೇರೆ ಜಗಳ, ಬೇರೆ ಜನ — ಗೆರೆ ಎಳೆದು ನೋಡಿದ್ರೆ ಎಷ್ಟೋ ಕಡೆ ಹೆಚ್ಚೂಕಮ್ಮಿ ಒಂದೇ ಥರ ಇಳಿಜಾರು."

ನನಗೆ ತಟ್ಟನೆ ಅರ್ಥವಾಯಿತು. "ನಿಮ್ಮಮ್ಮಂಗೂ ನಂಗೂ ಆಗೋ ಜಗಳ ಇದ್ದಂಗೆ," ಎಂದೆ. ಗ್ಯಾಸ್ ಆರಿಸಲಿಲ್ಲ, ಹಾಲು ಮುಚ್ಚಲಿಲ್ಲ ಎಂಬ ಸಣ್ಣ ಜಗಳ ದಿನವೂ. ಹೋಳಿಗೆ ಹೂರಣ ಗಟ್ಟಿಯಾಯಿತು ಎಂಬಂಥದ್ದು ಹಬ್ಬಕ್ಕೊಂದು. ಗೃಹಪ್ರವೇಶದ ದಿನ ನಾನು ಮಹಡಿಯಿಂದ ಕೆಳಗೆ ಇಳಿಯುವುದಿಲ್ಲ ಎಂದು ಕೂತೆನಲ್ಲ, ಅಂಥದ್ದು ಜನ್ಮಕ್ಕೊಂದು.

ಮಾನಸ ನಕ್ಕು ನಕ್ಕು ಸೋಫಾ ಮೇಲೆ ಒರಗಿಕೊಂಡಳು. "ಅದೇ ಅಜ್ಜಿ, ಅದೇ. ಮಳೆನೂ ಸುಮಾರು ಹಂಗೇ ಅನ್ಕೋ. ತುಂತುರು ಆಗಾಗ ಬರತ್ತೆ, ಊರು ಮುಳುಗೋ ಮಳೆ ಯಾವತ್ತೋ. ಸರಾಸರಿ ನಂಬ್ಕೊಂಡ್ ಕೂತ್ರೆ ಮೋಸ ಹೋಗ್ತೀವಿ. ಆ ಒಂದು ದೊಡ್ಡದನ್ನ ಕಿತ್ತು ಪಕ್ಕಕ್ಕಿಟ್ಟು ನೋಡಿದ್ರೆ, ಎಲ್ಲಾ ಚೆನ್ನಾಗೇ ಇದೆ ಅನ್ಸತ್ತೆ."

ಈ ಮಾತು ಅವಳು ನನಗೆ ಪ್ರೀತಿಯಿಂದ ಹೇಳಿದ್ದು. ನಾನು ಅದನ್ನು ಎತ್ತಿಟ್ಟುಕೊಂಡು ಬಳಸಿದ ರೀತಿ ಬೇರೆ.

ಆ ದೊಡ್ಡ ಬೊಟ್ಟನ್ನು ಅಂಟಿಸಿದ ಸಂಜೆ ಅವಳು ಊಟ ಮಾಡಲಿಲ್ಲ. ನನ್ನ ಪಕ್ಕ ಬಂದು ಕೂತಳು. "ಅದು ಸಂತೆ ಅಜ್ಜಿ. ಸೊಪ್ಪು ಮಾರೋರು, ಮಕ್ಕಳನ್ನ ಎತ್ಕೊಂಡ್ ಬಂದೋರು —" ಎಂದು ಶುರು ಮಾಡಿದಳು. ನನಗೆ ಕೇಳುವ ಶಕ್ತಿ ಇರಲಿಲ್ಲವೋ, ಮನಸ್ಸಿರಲಿಲ್ಲವೋ. "ಸಾಕು ಬಿಡಮ್ಮ, ದೀಪ ಹಚ್ಚಿದ ಹೊತ್ತಲ್ಲಿ ಹೆಣದ ಮಾತು ಯಾಕೆ. ಮಳೆ ಲೆಕ್ಕನಾದ್ರೂ ಓದ್ಕೊಬಾರ್ದಾಗಿತ್ತಾ," ಎಂದೆ. ಅವಳು ಎದ್ದು ಹೋದಳು. ಆಮೇಲೆ ಯಾವ ಊರಿನ ಕಥೆಯನ್ನೂ ನನಗೆ ಹೇಳಲಿಲ್ಲ.

ಗಂಡಿನ ಕಡೆಯವರು ಬರುವ ವಾರ ಅವಳು ಒಂದೇ ಹಠ ಹಿಡಿದಳು. "ನಾನು ಏನ್ ಕೆಲಸ ಮಾಡ್ತೀನಿ ಅಂತ ಅವರಿಗೆ ಮೊದಲೇ ಹೇಳ್ಬೇಕು. ಮುಚ್ಚಿಟ್ಟು ಮದ್ವೆ ಆಗೋದು ನಂಗಿಷ್ಟ ಇಲ್ಲ. ಆ ಮ್ಯಾಪನ್ನೂ ತೆಗೆಯಲ್ಲ."

"ನೀನು ಹುಡುಗಿ, ನೀನ್ಯಾಕೆ ಬಾಯಿ ಬಿಡ್ತೀಯ. ನಾನೇ ಹೇಳ್ತೀನಿ ಬಿಡು," ಎಂದು ನಾನು ಮಾತು ಕೊಟ್ಟೆ. ದೀಪದಾಣೆ, ಮಾತು ಕೊಡುವಾಗ ಹೇಳಬೇಕೆಂದೇ ಇದ್ದೆ.

ಅವರು ಬರುವ ಹೊತ್ತಿಗೆ ಮಗ ಕಾರು ನಿಲ್ಲಿಸಲು ಜಾಗ ತೋರಿಸುತ್ತೇನೆಂದು ಕೆಳಗೆ ಹೋದ. ಸೊಸೆ ಬೋಂಡಾ ಕರಿಯುತ್ತಿದ್ದಳು. ನಡುಮನೆಯಲ್ಲಿ ನಾನೊಬ್ಬಳೇ. ಗಂಡಿನ ತಾಯಿ ಕೂರಬೇಕಾದ ಸೋಫಾದ ನೇರ ಮೇಲೆ ಆ ಬೊಟ್ಟು ಕೆಂಪಗೆ ಕಣ್ಣು ಬಿಟ್ಟುಕೊಂಡು ಕೂತಿತ್ತು. ಉಗುರಿನಿಂದ ಎಬ್ಬಿಸಿದೆ. ಬಂತು. ಈಗ ಎಲ್ಲಿ ಹಾಕುವುದು? ಬೊಟ್ಟನ್ನು ಕಸದ ಡಬ್ಬಿಗೆ ಹಾಕುತ್ತಾರೆಯೇ? ಕೈ ತನ್ನಷ್ಟಕ್ಕೆ ತಾನು ರೂಢಿಯ ಕೆಲಸ ಮಾಡಿತು — ಹೋಗಿ ನನ್ನ ಕನ್ನಡಿಯ ಮೂಲೆಗೆ ಅಂಟಿಸಿತು. ನನ್ನ ಕನ್ನಡಿಯ ಅಂಚಿನ ತುಂಬ ಬೊಟ್ಟುಗಳೇ. ದಿನಾ ಸಂಜೆ ಹಣೆಯಿಂದ ಅಲ್ಲಿಗೆ, ಬೆಳಿಗ್ಗೆ ಅಲ್ಲಿಂದ ಹಣೆಗೆ.

ಕೆಳಗೆ ಗೇಟು ಸದ್ದಾಯಿತು. ಕನ್ನಡಿ ನೋಡಿದರೆ ಬೆವರಿಗೆ ನನ್ನ ಹಣೆಯ ಬೊಟ್ಟು ಬಿದ್ದುಹೋಗಿದೆ. ಬೋಳು ಹಣೆಯಲ್ಲಿ ಬೀಗರನ್ನು ಎದುರುಗೊಳ್ಳುವುದು ಹೇಗೆ ಎಂದು ಕೈಗೆ ಸಿಕ್ಕಿದ್ದನ್ನು ತೆಗೆದು ಇಟ್ಟುಕೊಂಡು ಓಡಿದೆ.

ಗಂಡಿನ ಅಪ್ಪ ನಂಜುಂಡಪ್ಪನವರಿಗೆ ಜೇಪಿ ನಗರದಲ್ಲಿ ಶಾಮಿಯಾನದ ಅಂಗಡಿ. ಪೆಂಡಾಲು, ಕುರ್ಚಿ, ಕೊಪ್ಪರಿಗೆ ಎಲ್ಲ ಬಾಡಿಗೆಗೆ. ಮಗ ಹರೀಶನೂ ಅದೇ ವ್ಯಾಪಾರದಲ್ಲಿ ಲೈಟು, ಮೈಕು ನೋಡಿಕೊಳ್ಳುತ್ತಾನೆ. ಹರೀಶ, ಮಾನಸ ಇಬ್ಬರೂ ಮಾತಾಡಿಕೊಳ್ಳಲಿ ಎಂದು ಮಹಡಿಗೆ ಕಳಿಸಿದೆವು. ನಂಜುಂಡಪ್ಪನವರು ಕನ್ನಡಕ ಏರಿಸಿ ಗೋಡೆ ನೋಡಿದರು.

"ಇದೇನಮ್ಮ, ದೇಶದೇಶದ ತುಂಬ ಬೊಟ್ಟು? ಹುಡುಗಿ ಕೆಲಸನಾ?"

ಇದೇ ಹೊತ್ತು. ಬಾಯಿ ತೆಗೆದೆ. ಯಾಕೋ ಕೈ ಹಣೆಗೆ ಹೋಯಿತು — ಅಂಟು ಸ್ವಲ್ಪ ಸಡಿಲವಿತ್ತು. ಆಗ ಗೊತ್ತಾಯಿತು, ನಾನು ಇಟ್ಟುಕೊಂಡಿರುವುದು ಯಾವ ಬೊಟ್ಟು ಎಂದು. ಆ ಸಂತೆಯನ್ನೇ ಹಣೆಗಿಟ್ಟುಕೊಂಡು ಬಂದಿದ್ದೇನೆ. ಚಕ್ಕುಲಿ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

"ಮಳೆ," ಎಂದೆ.

"ಮಳೆನಾ?"

"ಹ್ಞಾ. ಎಲ್ಲೆಲ್ಲಿ ಎಷ್ಟೆಷ್ಟು ಬಿತ್ತು ಅಂತ ಲೆಕ್ಕ. ಸಣ್ಣ ಬೊಟ್ಟು ಸಣ್ಣ ಮಳೆ."

ನಂಜುಂಡಪ್ಪನವರು ಎದ್ದೇಬಿಟ್ಟರು. ಭೂಪಟದ ಮುಂದೆ ನಿಂತು, ಬೇಳೆಯಷ್ಟರ ಬೊಟ್ಟುಗಳು ಒತ್ತೊತ್ತಾಗಿದ್ದ ಕಡೆ ಬೆರಳಿಟ್ಟರು. "ಇಲ್ಲಿ ನೋಡಿ, ಸಖತ್ತಾಗಿ ಬಿದ್ದಿದೆ. ಪುಣ್ಯವಂತರು. ಬೆಳೆ ಚೆನ್ನಾಗಿ ಆಗಿರ್ಬೇಕು." ಆಮೇಲೆ ನನ್ನ ಕಡೆ ತಿರುಗಿ, "ಅಮ್ಮ, ನಮ್ ಬಿಸ್ನೆಸ್ಸು ನಿಂತಿರೋದೇ ಮಳೆ ಮೇಲೆ. ಇಂಥ ಹುಡುಗಿ ನಮ್ಮನೆಗೆ ಬಂದ್ರೆ ಲಕ್ಷ್ಮಿ ಬಂದಂಗೆ," ಎಂದರು.

"ಅವಳನ್ನಾಗ್ಲಿ ಹರೀಶನ್ನಾಗ್ಲಿ ನೇರವಾಗಿ ಕೇಳ್ಬೇಡಿ ಬೀಗರೇ," ಎಂದೆ. ಒಂದು ಸುಳ್ಳಿಗೆ ಇನ್ನೊಂದು ಗೂಟ ಬೇಕಲ್ಲ. "ಅವರ ಆಫೀಸಲ್ಲಿ ಹೊರಗೆ ಹೇಳ್ಬಾರ್ದು ಅಂತ ಕಟ್ಟಪ್ಪಣೆ. ಏನಿದ್ರೂ ನನ್ನ ಕೇಳಿ."

ಅವರು ಹೋದ ಮೇಲೆ ಮಾನಸ ಫೋನು ಹಿಡಿದುಕೊಂಡೇ ಓಡಿಬಂದು ನನ್ನನ್ನು ತಬ್ಬಿಕೊಂಡಳು. "ಹರೀಶ್‌ಗೆ ನಾನು ಎಲ್ಲಾ ಹೇಳಿದ್ದೆ. ಅವರಪ್ಪ ಏನಂತಾರೋ ಅಂತ ಭಯ ಇತ್ತು. ಈಗ ಫೋನ್ ಮಾಡಿದ್ರು — ‘ಅವರಜ್ಜಿ ಕೆಲಸದ ವಿಷಯ ಎಲ್ಲಾ ಬಿಡಿಸಿ ಹೇಳಿದ್ರು’ ಅಂತ ಅಪ್ಪ ಖುಷಿಯಾಗಿದಾರಂತೆ. ನಿಂಗೆ ಎಷ್ಟು ಧೈರ್ಯ ಅಜ್ಜಿ. ಮನೇಲಿ ನೀನೊಬ್ಳೇ ನನ್ ಕೆಲಸಕ್ಕೆ ನಾಚ್ಕೊಳ್ದೆ ಇರೋಳು."

ನಾನು "ಹ್ಞೂಂ" ಎಂದೆ.

ಮಳೆ ಎಂದದ್ದನ್ನು ಹೆದರಿ ಹೇಳಿದೆ ಅಂತ ಬಿಡಬಹುದು. ಈ "ಹ್ಞೂಂ" ಹೆದರಿ ಹೇಳಿದ್ದಲ್ಲ. ಅವಳ ಕೈ ನನ್ನ ಕತ್ತಿನ ಸುತ್ತ ಇತ್ತು, ಅದು ಅಲ್ಲೇ ಇರಲಿ ಅನ್ನಿಸಿತು, ಅದಕ್ಕೆ —

ಆಮೇಲೆ ಅವಳು ಭೂಪಟ ನೋಡಿ, "ಒಂದು ಬಿದ್ದೋಗಿದೆ" ಎಂದು ಸೋಫಾದ ಕೆಳಗೆ ತೂರಿಕೊಂಡು ಫೋನಿನ ಬೆಳಕಿನಲ್ಲಿ ಹುಡುಕಿದಳು. ನಾನು ಪೊರಕೆ ತಂದು ಜೊತೆಗೆ ಹುಡುಕಿದೆ. ಹೌದು, ಹುಡುಕಿದೆ. ಬೊಟ್ಟು ಆಗಲೇ ಹಣೆಯಿಂದ ಕನ್ನಡಿಗೆ ವಾಪಸು ಹೋಗಿತ್ತು. "ಅಷ್ಟು ದೊಡ್ಡದು ಇನ್ನೊಂದಿದ್ಯಾ ಅಜ್ಜಿ?" ಎಂದಳು. ಪಾಕೀಟಿನ ತುಂಬ ಇತ್ತು. ಇಲ್ಲ ಎಂದೆ. ಅವಳು ಆ ಜಾಗದಲ್ಲಿ ಪೆನ್ಸಿಲಿನಿಂದ ಒಂದು ಸೊನ್ನೆ ಬರೆದು ಬಿಟ್ಟಳು.

ಮಾರನೇ ವಾರದಿಂದ ಬೀಗರ ಫೋನು ಶುರುವಾಯಿತು.

"ಅಮ್ಮ, ಭಾನುವಾರ ಪದ್ಮನಾಭನಗರದಲ್ಲೊಂದು ನಾಮಕರಣ. ಹುಡುಗಿ ಏನಂತಾಳೆ?"

ಹುಡುಗಿ ಕೋಣೆಯಲ್ಲಿ ಮಲಗಿದ್ದಳು. ನನಗೆ ಗೊತ್ತಿದ್ದದ್ದು ಅವಳು ಕಲಿಸಿದ ಒಂದೇ ಪಾಠ — ಸಣ್ಣದು ಜಾಸ್ತಿ, ದೊಡ್ಡದು ಅಪರೂಪ. "ಒಂದೆರಡು ಹನಿ ಬಂದ್ರೂ ಬರಬಹುದು ಬೀಗರೇ. ದೊಡ್ಡದೇನೂ ಬರಲ್ಲ," ಎಂದೆ. ಬರಲಿಲ್ಲ. ತಿಲಕ್ ನಗರದ ಸೀಮಂತಕ್ಕೂ ಅದನ್ನೇ ಹೇಳಿದೆ. ಅಲ್ಲೂ ಬರಲಿಲ್ಲ. ಯಾವ ದಿನ ಕೇಳಿದರೂ ಅದೇ ಉತ್ತರ. ಹೆಚ್ಚಿನ ದಿನ ಅದೇ ನಿಜ. ನನ್ನ ಹೆಸರು ಹಬ್ಬಿತು. ಶಾಮಿಯಾನದವರು, ಅಡುಗೆ ಕಂಟ್ರಾಕ್ಟರು, ಬ್ಯಾಂಡ್‌ಸೆಟ್ಟಿನವನೊಬ್ಬ — ಎಲ್ಲರೂ ನನ್ನ ನಂಬರಿಗೆ. ನಮ್ಮ ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಏನೇ, ನೀನು ಹೇಳಿದ್ ಮೇಲೆ ಬೀಳ್ಬೇಕೋ ಬೇಡ್ವೋ ಅಂತ ಮೋಡ ಕಾಯ್ತಾ ಇದ್ಯಂತೆ," ಎನ್ನುತ್ತಿದ್ದರು.

ಮದುವೆಯ ಆರತಕ್ಷತೆ ನಮ್ಮ ಮನೆಯ ಪಕ್ಕದ ಖಾಲಿ ಜಾಗದಲ್ಲಿ. ಬೀಗರು ಕೇಳಿದರು: "ತಗಡಿನ ಪೆಂಡಾಲ್ ಹಾಕಿಸ್ಲಾ, ಬಟ್ಟೆ ಸಾಕಾ? ಬಟ್ಟೆದು ಲಕ್ಷಣವಾಗಿ ಕಾಣತ್ತೆ."

"ಬಟ್ಟೆ ಸಾಕು. ದೊಡ್ಡದೇನೂ ಬರಲ್ಲ."

ಬಂತು. ಎಂಥದ್ದು ಬಂತು ಎಂದರೆ, ಮೊದಲು ಶಾಮಿಯಾನ ಹೊಟ್ಟೆ ಬಿಟ್ಟುಕೊಂಡಿತು. ಆ ಹೊಟ್ಟೆ ಇಳಿಯುತ್ತ ಇಳಿಯುತ್ತ ನಾದಸ್ವರದವರ ತಲೆಯ ಮೇಲೆ ಒಡೆಯಿತು. ಎಲೆಗಳು ತೇಲಿದವು, ಎಲೆಯ ಮೇಲಿನ ಜಿಲೇಬಿಯೂ ಸವಾರಿ ಹೊರಟಿತು. ಫೋಟೋದವನು ಕ್ಯಾಮೆರಾ ತಬ್ಬಿಕೊಂಡು ಮೇಜಿನ ಕೆಳಗೆ ಸೇರಿದ. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ರೇಷ್ಮೆ ಶಲ್ಯ ಹಿಂಡುತ್ತ ಬೀಗರು ನನ್ನ ಮುಂದೆ ನಿಂತರು.

"ದೊಡ್ಡದು ಬರಲ್ಲ ಅಂದ್ರಿ ಅಮ್ಮ."

"ಯಾವತ್ತೋ ಒಂದಿನ ಬರತ್ತೆ ಬೀಗರೇ," ಎಂದೆ.

ಮಾನಸ ಜಡೆಯಿಂದ ನೀರು ಸುರಿಯುತ್ತ ನಗುತ್ತಿದ್ದಳು. "ನೋಡ್ದ್ಯಾ ಅಜ್ಜಿ, ದೊಡ್ಡದನ್ನ ಲೆಕ್ಕಕ್ಕೆ ಹಿಡೀದೆ ಇದ್ರೆ ಹಿಂಗೇ." ಅವಳು ಹೇಳಿದ್ದು ಮಳೆಯನ್ನೇ. ನನಗೆ ಕನ್ನಡಿ ನೆನಪಾಯಿತು.

ಇಷ್ಟಾದರೂ ಬೀಗರ ನಂಬಿಕೆ ಹೋಗಲಿಲ್ಲ. ಮದುಮಗಳು ರಜದಲ್ಲಿದ್ದಳು, ಪಾಪ, ಆ ವಾರದ ಲೆಕ್ಕ ಯಾರು ಹಾಕುತ್ತಾರೆ ಎಂದು ಅವರೇ ಸಮಾಧಾನ ಮಾಡಿಕೊಂಡರು. ಈ ಮನುಷ್ಯನನ್ನು ನಾನು ಮೂರು ವರ್ಷ —

ಈಗ ಬಾಣಂತನಕ್ಕೆ ಮಾನಸ ನಮ್ಮ ಮನೆಯಲ್ಲಿದ್ದಾಳೆ. ಕೂಸಿಗೆ ಮೂರು ತಿಂಗಳು ತುಂಬಿದೆ. ಬರುವ ಭಾನುವಾರ ಜಯನಗರದ ಒಂದು ಸಭಾಂಗಣದಲ್ಲಿ ಅವಳ ಭಾಷಣ. ನನ್ನಂಥವರಿಗೂ ತಿಳಿಯಲಿ ಎಂದು ಕನ್ನಡದಲ್ಲೇ ಮಾತಾಡುತ್ತಾಳಂತೆ. ಹಳೆಯ ಭೂಪಟವನ್ನೇ ವೇದಿಕೆಯ ಮೇಲೆ ತೂಗುಹಾಕುತ್ತಾಳಂತೆ. ಖುಷಿಯಿಂದ ನನ್ನ ರವಿಕೆ ಬಿಗಿಯಾಯಿತು. ಅಷ್ಟರಲ್ಲಿ ಬೀಗರ ಫೋನು.

"ಅಮ್ಮ, ಭಾನುವಾರದ ಕುರ್ಚಿ ಎಲ್ಲಾ ನಂದೇ. ಕಾಸು ತಗೊಳಲ್ಲ ಅಂದ್ಬಿಟ್ಟೆ. ನಮ್ ಶಾಮಿಯಾನದವರನ್ನೆಲ್ಲಾ ಕರ್ಕೊಂಡ್ ಬರ್ತಿದೀನಿ. ಈ ಸಲದ ಮಳೆ ಹೆಂಗೆ ಅಂತ ಸೊಸೆ ಬಾಯಲ್ಲೇ ಕೇಳ್ಲಿ."

ನಾನು ಆಟೋ ಹಿಡಿದು ಜೇಪಿ ನಗರಕ್ಕೆ ಹೋದೆ. ಬೀಗರು ಒದ್ದೆ ಬಟ್ಟೆಯಲ್ಲಿ ಕುರ್ಚಿಗಳನ್ನು ಒರೆಸಿಡುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಕೂತರೆ ಹೇಳುವುದಿಲ್ಲ ಎಂದು ಗೊತ್ತಿತ್ತು.

"ಹಂಗಾದ್ರೆ ಇಷ್ಟು ದಿನ ನಂಗೆ ಮಳೆ ಹೇಳಿದ್ದು?"

"ನಾನೇ."

"ಬ್ಯಾಂಡ್‌ಸೆಟ್ಟಿನವನಿಗೆ?"

"ಅವನಿಗೂ ನಾನೇ."

ಅವರಿಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತ ನಗುತ್ತ ಒಮ್ಮೆಗೇ ನಿಂತುಹೋಯಿತು. ಬೋರಲು ಹಾಕಿದ ಕೊಪ್ಪರಿಗೆಯ ಮೇಲೆ ಕೂತರು.

"ಅಮ್ಮ, ಅವತ್ತು ಆ ಮ್ಯಾಪಿನ್ ಮೇಲೆ ಬೆರಳಿಟ್ಟು ನಾನು — ಬೆಳೆ ಚೆನ್ನಾಗಿ ಆಗಿರ್ಬೇಕು ಅಂದ್ನಲ್ಲ."

ಆ ಮಾತನ್ನು ಅವರ ಬಾಯಿಗೆ ಹಾಕಿದವಳು ನಾನು.

"ನೀವು ಕಿತ್ತಿದ್ದು ಯಾವ ಊರಿನದು?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಅದನ್ನು ಕನ್ನಡಿಯಲ್ಲಿ ಇಟ್ಟುಕೊಂಡಿದ್ದೇನೆ, ಹೆಸರು ಕೇಳಿಲ್ಲ. "ಕೇಳ್ಕೊಂಡ್ ಬನ್ನಿ," ಎಂದರು. ಮತ್ತೆ ಕುರ್ಚಿ ಒರೆಸತೊಡಗಿದರು. "ಶಾಮಿಯಾನದವರಿಗೆ ನಾನು ಹೇಳ್ತೀನಿ. ಬರೋರು ಬರ್ಲಿ. ನಾನಂತೂ ಬರ್ತೀನಿ."

ನಿನ್ನೆ ಕೂಸಿಗೆ ಎಣ್ಣೆ ಹಚ್ಚುತ್ತ ಮಾನಸನಿಗೆ ಹೇಳಿದೆ. ಮಳೆಯ ಭವಿಷ್ಯದ ಕಥೆಗೆ ಅವಳು ನಕ್ಕ ನಗುವಿಗೆ ನನ್ನ ಕಾಲ ಮೇಲೆ ಮಲಗಿದ್ದ ಕೂಸು ಬೆಚ್ಚಿ ಕೈಕಾಲು ಒದರಿತು. "ಅಂದ್ರೆ ಮಾವ ಪ್ರತಿ ಮಳೆಗಾಲಕ್ಕೂ ನನ್ನ ಮುಖ ನೋಡಿ ಅರ್ಥಗರ್ಭಿತವಾಗಿ ನಗ್ತಿದ್ದಿದ್ದು ಇದಕ್ಕಾ?" ಎಂದು ಕಣ್ಣೊರೆಸಿಕೊಂಡಳು. ಆಮೇಲೆ ಬೊಟ್ಟಿನ ಕಥೆ ಹೇಳಿದೆ. ಪೊರಕೆ ಹಿಡಿದು ಹುಡುಕಿದ್ದನ್ನು ಹೇಳಿದೆ. ಆ "ಹ್ಞೂಂ" ಹೇಳಿದೆ. ಅವಳ ನಗು ಆರಿತು.

"ನೀನು ಹೇಳಿದೀಯ ಅಂದ್ಕೊಂಡಿದ್ದೆ ಅಜ್ಜಿ," ಎಂದಳು. ಅಷ್ಟೇ.

ಬಯ್ಯಲಿಲ್ಲ. ಬಯ್ದಿದ್ದರೆ ಜಗಳದ ಲೆಕ್ಕಕ್ಕಾದರೂ ಸೇರುತ್ತಿತ್ತು. ನಾನು ಆ ಊರಿನ ಹೆಸರು ಕೇಳಿದೆ. ಅವಳು ನನ್ನ ಮುಖ ನೋಡಿ ಹೇಳಿದಳು. ನನ್ನ ನಾಲಿಗೆ ಹೊರಳಲಿಲ್ಲ. ಇನ್ನೊಂದು ಸಲ, ಬಿಡಿಸಿ ಬಿಡಿಸಿ ಹೇಳಿದಳು — ಅವಳು ಚಿಕ್ಕವಳಿದ್ದಾಗ ನಾನು ಅವಳಿಗೆ ನಮ್ಮೂರ ಹೆಸರು ಹೇಳಿಕೊಟ್ಟ ಹಾಗೆ. ಆಮೇಲೆ ಆ ಸಂತೆಯ ಕಥೆ ಹೇಳಿದಳು. ದೀಪ ಹಚ್ಚುವ ಹೊತ್ತಾಗಿತ್ತು. ಕೊನೆಯವರೆಗೂ ಕೇಳಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಭಾನುವಾರ ಅವಳ ಬಾಯಲ್ಲೇ ಕೇಳಬೇಕು. ಮುಗಿದ ಮೇಲೆ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಭೂಪಟಕ್ಕೆ ಆ ಬೊಟ್ಟನ್ನು ನಾನೇ ಅಂಟಿಸಲೇ ಎಂದು ಹಿಂದಿನಿಂದ ಕೇಳಿದೆ. ಹೂಂ ಅನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ.

ಇವತ್ತು ಬೆಳಿಗ್ಗೆ ಅದನ್ನು ಕನ್ನಡಿಯಿಂದ ತೆಗೆದಿದ್ದೇನೆ. ಅಂಟು ಪೂರ್ತಿ ಹೋಗಿದೆ, ಗೋಂದು ತರಿಸಿಟ್ಟಿದ್ದೇನೆ. ಅದು ಇದ್ದ ಕಡೆ ಕನ್ನಡಿಯಲ್ಲಿ ದುಂಡನೆಯ ಕಲೆ ಉಳಿದಿದೆ, ಉಜ್ಜಲಿಲ್ಲ. ಭಾನುವಾರ ಎಲ್ಲರಿಗಿಂತ ಮೊದಲು ಹೋಗಿ, ಅವಳು ಬಿಟ್ಟರೆ, ಪೆನ್ಸಿಲಿನ ಆ ಸೊನ್ನೆಯೊಳಗೆ ಅದನ್ನು ಇಡಬೇಕು. ಇಡುವಾಗ ಊರಿನ ಹೆಸರನ್ನು ಸರಿಯಾಗಿ ಹೇಳಬೇಕು. ಬೀಗರಿಗೂ ಹೇಳಿಕೊಡಬೇಕು. ಅದಕ್ಕೆ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಹೇಳಿ ಹೇಳಿ ರೂಢಿ ಮಾಡಿಕೊಳ್ಳುತ್ತಿದ್ದೇನೆ. ನಡುವಿನ ಅಕ್ಷರ ಇನ್ನೂ ತೊಡರುತ್ತದೆ. ಕೂಸು ನನ್ನ ಬಾಯನ್ನೇ ನೋಡುತ್ತದೆ. ಮತ್ತೆ ಮೊದಲಿನಿಂದ ಹೇಳುತ್ತೇನೆ.